ವಿಚ್ಛೇದನದ ನಂತರ ಮಾಂಗಲ್ಯ, ಕಾಲುಂಗುರ, ಮದುವೆಯ ಉಂಗುರ: ಯಾವುದನ್ನು ಯಾವಾಗ ಏನು ಮಾಡಬೇಕು

ಪರಸ್ಪರ ಒಪ್ಪಿಗೆಯ ವಿಚ್ಛೇದನದ ಕಾಗದಗಳಲ್ಲಿ ಮನೆಯ ಸಾಲ, ಮಗುವಿನ ಶಾಲೆಯ ಶುಲ್ಕ, ಭಾನುವಾರದ ಭೇಟಿಯ ಸಮಯ ಎಲ್ಲವೂ ವಿವರವಾಗಿ ಬರೆದಿರುತ್ತದೆ. ಒಡವೆಯ ವಿಷಯಕ್ಕೆ ಬಂದಾಗ ಮಾತ್ರ ‘ಉಭಯ ಪಕ್ಷದವರು ತಮ್ಮ ತಮ್ಮ ವಸ್ತುಗಳನ್ನು ಪಡೆದುಕೊಂಡಿರುತ್ತಾರೆ’ ಎಂಬ ಒಂದೇ ಸಾಲಿನಲ್ಲಿ ಮುಗಿದುಹೋಗಿರುತ್ತದೆ. ಆ ಸಾಲಿಗೆ ಸಹಿ ಹಾಕುವ ಹೊತ್ತಿಗೆ ಅವಲಕ್ಕಿ ಸರ ಅತ್ತೆಯ ಬೀರುವಿನಲ್ಲಿರಬಹುದು, ಬಳೆಗಳು ಗಂಡನ ಹೆಸರಿನಲ್ಲಿ ಅಡವಿರಬಹುದು, ಮಾಂಗಲ್ಯ ಸರ ತವರಿನ ದೇವರ ಮನೆಯ ಡಬ್ಬಿಯಲ್ಲಿ ಮಲಗಿರಬಹುದು. ಸಹಿ ಬಿದ್ದ ಮೇಲೆ ಇವುಗಳಲ್ಲಿ ಯಾವುದನ್ನು ಕೇಳಲು ಹೋದರೂ ‘ಪಡೆದುಕೊಂಡಿದ್ದೇನೆ ಎಂದು ನೀವೇ ಒಪ್ಪಿದ್ದೀರಲ್ಲ’ ಎಂಬ ಉತ್ತರ ಎದುರಾಗುತ್ತದೆ.

ಆದ್ದರಿಂದ ಈ ಮಾರ್ಗದರ್ಶಿಯು ಡಿಕ್ರಿ, ಅಂದರೆ ವಿಚ್ಛೇದನ ನೀಡುವ ನ್ಯಾಯಾಲಯದ ಆದೇಶ, ಕೈಗೆ ಬಂದ ದಿನದಿಂದಲ್ಲ, ಅದಕ್ಕೂ ಮುಂಚಿನಿಂದ ಆರಂಭವಾಗುತ್ತದೆ. ಮುಖ್ಯವಾಗಿ ಕರ್ನಾಟಕದ ಹಿಂದೂ ಮದುವೆಗಳ ಒಡವೆಗಳನ್ನು ಕುರಿತು ಬರೆದಿದ್ದೇನೆ. ಮುಸ್ಲಿಂ ಮದುವೆಗಳಲ್ಲಿ ಭಿನ್ನವಾಗುವ ಕಡೆ ಅದನ್ನು ಹೇಳಿದ್ದೇನೆ.

ಮೊದಲೇ ಒಂದು ಮಾತು. ಮದುವೆಯ ಒಡವೆಯ ವಿಚಾರದಲ್ಲಿ ಎರಡು ಪ್ರಶ್ನೆಗಳಿವೆ. ಇದನ್ನು ಇನ್ನೂ ಧರಿಸಬೇಕೆ, ಕಣ್ಣೆದುರಿಗೆ ಇಟ್ಟುಕೊಳ್ಳಬೇಕೆ ಎಂಬುದು ಕೊರಳಿನ ಪ್ರಶ್ನೆ. ಇದು ಯಾರದು, ಎಷ್ಟು ತೂಕ, ಎಷ್ಟು ಶುದ್ಧ ಎಂಬುದು ತಕ್ಕಡಿಯ ಪ್ರಶ್ನೆ. ಸಿಟ್ಟಿನಲ್ಲಿ ‘ಅವರ ಚಿನ್ನವೇ ಬೇಡ’ ಎಂದು ಎಲ್ಲವನ್ನೂ ಬಿಸಾಕಿ ಬರುವವರು ಕೊರಳಿನ ಪ್ರಶ್ನೆಗೆ ತಕ್ಕಡಿಯಿಂದ ಉತ್ತರ ಕೊಡುತ್ತಿದ್ದಾರೆ. ‘ತಾಳಿಯನ್ನು ತೂಗಿಸುವುದೇ’ ಎಂದು ಹಿಂಜರಿದು ಹತ್ತು ವರ್ಷ ಡಬ್ಬಿ ತೆರೆಯದವರು ತಕ್ಕಡಿಯ ಪ್ರಶ್ನೆಗೆ ಕೊರಳಿನಿಂದ ಉತ್ತರ ಕೊಡುತ್ತಿದ್ದಾರೆ. ನಷ್ಟ ಆಗುವುದು ಇವೆರಡನ್ನು ಬೆರೆಸಿದಾಗಲೇ. ಕೆಳಗಿನ ಹಂತಗಳಲ್ಲಿ ತಕ್ಕಡಿಯ ಕೆಲಸ ಬಹುತೇಕ ಮೊದಲು ಬರುತ್ತದೆ, ಏಕೆಂದರೆ ಕಾಲಮಿತಿ ಇರುವುದು ಅದಕ್ಕೆ, ಕೊರಳಿನದಕ್ಕೆ ಅವಸರವಿಲ್ಲ.

ಹಂತ 1: ಯಾವುದು ಯಾರದು ಎಂದು ಬೇರ್ಪಡಿಸಿ

ಮದುವೆಗೆ ಮುನ್ನ, ಮದುವೆಯ ಸಂದರ್ಭದಲ್ಲಿ ಅಥವಾ ಆಮೇಲೆ ಹೆಣ್ಣಿಗೆಂದು ಕೊಟ್ಟ ಒಡವೆ ಸ್ತ್ರೀಧನ. ಕೊಟ್ಟವರು ತವರಿನವರೇ ಆಗಿರಬೇಕೆಂದಿಲ್ಲ. ಗಂಡ, ಅತ್ತೆ, ಮಾವ, ನೆಂಟರು, ಗೆಳತಿಯರು ಯಾರು ಕೊಟ್ಟಿದ್ದರೂ ಅದು ಅವಳದೇ. ಗಂಡನ ಮನೆಯ ಹೊಸ್ತಿಲು ದಾಟಿದ ಕೂಡಲೇ ಸ್ತ್ರೀಧನ ಇಬ್ಬರ ಜಂಟಿ ಆಸ್ತಿಯಾಗುತ್ತದೆ ಎಂಬ ವಾದವನ್ನು ಸುಪ್ರೀಂ ಕೋರ್ಟ್ 1985ರಲ್ಲಿಯೇ ತಳ್ಳಿಹಾಕಿದೆ. ಗಂಡನ ಅಥವಾ ಅತ್ತೆಯ ಕೈಯಲ್ಲಿರುವ ಸ್ತ್ರೀಧನ ನಂಬಿಕೆಯ ಮೇಲೆ ಅವರ ಬಳಿ ಇಟ್ಟ ವಸ್ತು. ಕೇಳಿದಾಗ ಕೊಡದಿದ್ದರೆ ಅದು ನಂಬಿಕೆದ್ರೋಹದ ಅಪರಾಧವಾಗಬಹುದು. ಮೊದಲು ಭಾರತೀಯ ದಂಡ ಸಂಹಿತೆಯ 406ನೇ ಕಲಮಿನಲ್ಲಿದ್ದ ಈ ಶಿಕ್ಷೆ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 316ನೇ ಕಲಮಿಗೆ ಬಂದಿದೆ.

ಕೇರಳದ ಒಂದು ಪ್ರಕರಣವನ್ನು ಇಲ್ಲಿ ನೆನೆಯಬೇಕು. 2003ರಲ್ಲಿ ಮದುವೆಯಾದ ಹೆಣ್ಣುಮಗಳಿಗೆ ತವರಿನವರು 89 ಪವನು (ಒಂದು ಪವನು ಎಂದರೆ 8 ಗ್ರಾಂ) ಚಿನ್ನ ಹಾಕಿದ್ದರು. ಮದುವೆಯ ಮೊದಲ ರಾತ್ರಿಯೇ ಜೋಪಾನ ಮಾಡುವ ನೆಪದಲ್ಲಿ ಗಂಡ ಅದನ್ನು ತೆಗೆದುಕೊಂಡು ತನ್ನ ತಾಯಿಗೆ ಕೊಟ್ಟನೆಂಬುದು ಅವಳ ದೂರು. ಕೌಟುಂಬಿಕ ನ್ಯಾಯಾಲಯ ಅವಳ ಪರ ತೀರ್ಪು ಕೊಟ್ಟಿತು, ಹೈಕೋರ್ಟ್ ಅದನ್ನು ರದ್ದು ಮಾಡಿತು. 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಅವಳ ಪರ ನಿಂತು ₹25 ಲಕ್ಷ ಕೊಡುವಂತೆ ಹೇಳಿತು. ಸಂಸಾರದೊಳಗಿನ ಇಂಥ ವ್ಯವಹಾರದಲ್ಲಿ ಕ್ರಿಮಿನಲ್ ಮೊಕದ್ದಮೆಯಂತೆ ಎಳ್ಳಷ್ಟೂ ಸಂಶಯವಿಲ್ಲದ ಸಾಕ್ಷಿಯನ್ನು ಕೇಳುವುದು ಸರಿಯಲ್ಲ, ಯಾವ ಕಡೆಯ ಮಾತು ಹೆಚ್ಚು ಸಂಭವನೀಯ ಎಂದು ನೋಡಿದರೆ ಸಾಕು ಎಂಬುದು ಆ ತೀರ್ಪಿನ ಸಾರ. ತೀರ್ಪಿನ ಬಲ ದೊಡ್ಡದು. ಆದರೆ 2003ರಿಂದ 2024ರವರೆಗಿನ ಲೆಕ್ಕವನ್ನೂ ಮರೆಯಬಾರದು.

ತವರಿನವರಿಗೆ ಅನ್ವಯಿಸುವ ತೀರ್ಪೂ ಅದೇ ವರ್ಷದಲ್ಲಿದೆ. ಮದುವೆಯ ನಂತರ ಅಮೆರಿಕದಲ್ಲಿ ನೆಲೆಸಿ, ಅಲ್ಲಿಯೇ ವಿಚ್ಛೇದನ ಪಡೆದ ತೆಲಂಗಾಣ ಮೂಲದ ಹೆಣ್ಣುಮಗಳ ತಂದೆ, ತಾವು ಹಾಕಿದ ಚಿನ್ನವನ್ನು ವಾಪಸು ಕೊಡಬೇಕೆಂದು ಹಳೆಯ ಬೀಗರ ಮೇಲೆ ದೂರು ಕೊಟ್ಟಿದ್ದರು. ಮಗಳ ಅಧಿಕಾರಪತ್ರವಿಲ್ಲದೆ ತಂದೆಗೂ ಆ ಹಕ್ಕಿಲ್ಲ ಎಂದು 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಆ ಮೊಕದ್ದಮೆಯನ್ನು ರದ್ದುಪಡಿಸಿತು. ವಿದೇಶದಲ್ಲಿರುವ ಕನ್ನಡಿಗರ ಮನೆಗಳಲ್ಲಿ ‘ಊರಿನಲ್ಲಿ ಅಪ್ಪ ನೋಡಿಕೊಳ್ಳುತ್ತಾರೆ’ ಎಂದು ಬಿಡುವುದು ಸಾಮಾನ್ಯ. ಅಪ್ಪನೇ ನೋಡಿಕೊಳ್ಳಬೇಕಾದರೆ ಅವರ ಹೆಸರಿಗೆ ಅಧಿಕಾರಪತ್ರ ಬರೆದುಕೊಡಿ.

ಇನ್ನು ಗಂಡಿನ ಒಡವೆ. ವರಪೂಜೆಯಲ್ಲಿ ಅಳಿಯನಿಗೆ ಹಾಕಿದ ಉಂಗುರ, ಕೊರಳ ಚೈನು, ವಾಚು ಇವು ಯಾರೂ ಕೇಳದೆ ರೂಢಿಯಂತೆ ಕೊಟ್ಟ ಉಡುಗೊರೆಯಾಗಿದ್ದರೆ ಅವನವೇ. ಕೇಳಿ ಪಡೆದದ್ದಾಗಿದ್ದರೆ ಅದು ವರದಕ್ಷಿಣೆ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯ 6ನೇ ಕಲಮಿನ ಪ್ರಕಾರ ಅದು ಹೆಣ್ಣಿಗೆ ಸೇರಬೇಕು. ನಿಶ್ಚಿತಾರ್ಥದಲ್ಲಿ ಪರಸ್ಪರ ತೊಡಿಸಿದ ಉಂಗುರಗಳು ತೊಟ್ಟವರ ಬಳಿಯೇ ಉಳಿಯುವುದು ಸಹಜ. ಇಬ್ಬರೂ ಒಪ್ಪಿ ಹಿಂದಿರುಗಿಸಿಕೊಂಡರೆ ಅಡ್ಡಿಯಿಲ್ಲ, ಆದರೆ ಅದನ್ನೂ ಬರೆದಿಡಬೇಕು. ಮದುವೆಯ ಹೊತ್ತಿನಲ್ಲಿ ಇಬ್ಬರಿಗೂ ಸೇರಿದಂತೆ ಬಂದ ಬೆಳ್ಳಿ ತಟ್ಟೆ, ದೀಪದ ಕಂಬ ಮೊದಲಾದವುಗಳ ಹಂಚಿಕೆಯನ್ನು 1955ರ ಹಿಂದೂ ವಿವಾಹ ಕಾಯ್ದೆಯ 27ನೇ ಕಲಮಿನಡಿ ಡಿಕ್ರಿಯಲ್ಲಿಯೇ ಸೇರಿಸುವಂತೆ ಕೇಳಬಹುದು.

ನಿಜವಾಗಿ ಜಗಳ ಹುಟ್ಟಿಸುವುದು ಮನೆತನದ ಹಳೆಯ ಒಡವೆ. ಅತ್ತೆಯ ಅಡ್ಡಿಕೆಯನ್ನೋ ಅಜ್ಜಿಯ ಕಾಸಿನ ಸರವನ್ನೋ ಧಾರೆಯ ದಿನ ಸೊಸೆಯ ಕೊರಳಿಗೆ ಹಾಕುತ್ತಾರೆ; ಅದು ಕೊಟ್ಟದ್ದೋ, ಆ ಹೊತ್ತಿನ ಶೃಂಗಾರಕ್ಕೆ ಹಾಕಿದ್ದೋ ಎಂದು ಯಾರೂ ಆ ದಿನ ಹೇಳುವುದಿಲ್ಲ. ಆ ಬಳಿಕವೂ ಸೊಸೆ ಹಬ್ಬಹರಿದಿನಗಳಲ್ಲಿ ತನ್ನದೆಂದೇ ತೊಟ್ಟ ಫೋಟೊಗಳಿವೆಯೇ, ಅದು ಯಾರ ಲಾಕರಿನಲ್ಲಿತ್ತು ಎಂಬುದರ ಮೇಲೆ ವಾದ ನಿಲ್ಲುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ಮೂರು ತಲೆಮಾರಿನ ಒಡವೆಯೊಂದನ್ನು ಬಿಟ್ಟುಕೊಟ್ಟು, ಅದಕ್ಕೆ ಬದಲಾಗಿ ನಿಮ್ಮ ಸ್ವಂತ ಒಡವೆಗಳನ್ನೆಲ್ಲ ಮೊದಲ ದಿನವೇ ಪಡೆಯುವುದು ಹೆಚ್ಚಿನ ಸಂದರ್ಭಗಳಲ್ಲಿ ಒಳ್ಳೆಯ ವ್ಯಾಪಾರ.

ಮಾಂಗಲ್ಯಕ್ಕೂ ಇದೇ ನಿಯಮ. ನಮ್ಮ ಅನೇಕ ಸಮುದಾಯಗಳಲ್ಲಿ ತಾಳಿ ಎರಡು, ಒಂದು ತವರಿನದು, ಇನ್ನೊಂದು ಗಂಡನ ಮನೆಯದು. ಮೂಲ ಎರಡಾದರೂ ಎರಡೂ ಸ್ತ್ರೀಧನವೇ. ಕೊಡವರಲ್ಲಿ ಮಾಂಗಲ್ಯದ ಸ್ಥಾನದಲ್ಲಿರುವ ಮದುಮಗಳ ಪತ್ತಾಕ್ ಬರುವುದೇ ತಾಯಿಯ ಕಡೆಯಿಂದ, ಆದ್ದರಿಂದ ಅಲ್ಲಿ ಈ ಪ್ರಶ್ನೆಗೆ ಎಡೆಯೇ ಕಡಿಮೆ. ವಿಚ್ಛೇದಿತ ಮುಸ್ಲಿಂ ಮಹಿಳೆಯರ ಹಕ್ಕುಗಳ 1986ರ ಕಾಯ್ದೆಯ 3ನೇ ಕಲಮು ಅವರಿಗೆ ಮಹರ್ (ಮದುವೆಯಲ್ಲಿ ಗಂಡ ಹೆಂಡತಿಗೆ ಕೊಡಲು ಒಪ್ಪಿದ ಮೊತ್ತ) ಜೊತೆಗೆ, ಮದುವೆಯ ಮುಂಚೆ, ಮದುವೆಯಲ್ಲಿ ಮತ್ತು ನಂತರ ಬಂಧುಗಳು, ಗಂಡ, ಗಂಡನ ಕಡೆಯವರು ಕೊಟ್ಟ ಎಲ್ಲ ವಸ್ತುಗಳ ಮೇಲೆ ಹಕ್ಕು ಕೊಡುತ್ತದೆ. ಮದುವೆಯಲ್ಲಿ ಕಟ್ಟುವ ಕರಿಮಣಿಯ ಸರವಾದ ಲಚ್ಚವೂ ಅದರಲ್ಲಿ ಸೇರುತ್ತದೆ.

ಹಂತ 2: ಪಟ್ಟಿ ಮಾಡಿ, ಪ್ರತಿ ಸಾಲಿಗೂ ಒಂದು ಸಾಕ್ಷಿ ಹುಡುಕಿ

ವರದಕ್ಷಿಣೆ ನಿಷೇಧ ಕಾಯ್ದೆಯಡಿ 1985ರಲ್ಲಿ ಬಂದ ನಿಯಮಗಳ ಪ್ರಕಾರ ವಧು ಮತ್ತು ವರ ತಮತಮಗೆ ಬಂದ ಉಡುಗೊರೆಗಳ ಪಟ್ಟಿಯನ್ನು ಬರೆದು, ಇಬ್ಬರೂ ಸಹಿ ಹಾಕಿ ಇಟ್ಟುಕೊಳ್ಳಬೇಕು. ಮುಯ್ಯಿಯ ಪುಸ್ತಕದಲ್ಲಿ ₹101 ಕೊಟ್ಟವರ ಹೆಸರನ್ನೂ ತಪ್ಪದೆ ಬರೆಯುವ ಮನೆಗಳಲ್ಲಿ ಈ ಪಟ್ಟಿ ಮಾತ್ರ ಸಿಗುವುದಿಲ್ಲ. ಹಾಗಾಗಿ ಈಗ ಕುಳಿತು ಮಾಡಬೇಕು.

ಒಡವೆಯ ಹೆಸರು, ಅಂದಾಜು ತೂಕ, ಕೊಟ್ಟವರು, ಈಗ ಇರುವ ಜಾಗ, ಸಾಕ್ಷಿ ಎಂದು ಐದು ಅಂಕಣಗಳು ಸಾಕು. ಸಾಕ್ಷಿಗೆ ಅಂಗಡಿಯ ಬಿಲ್ಲು ಎಲ್ಲಕ್ಕಿಂತ ಒಳ್ಳೆಯದು. ಬಿಲ್ಲು ಕಳೆದಿದ್ದರೆ ತಿಂಗಳು ತಿಂಗಳು ಕಟ್ಟಿದ ಚಿನ್ನದ ಉಳಿತಾಯ ಯೋಜನೆಯ ಪಾಸ್‌ಬುಕ್, ಆ ದಿನಗಳ ಬ್ಯಾಂಕ್ ಖಾತೆಯ ವಿವರ, ಮಾಡಿಕೊಟ್ಟ ಅಕ್ಕಸಾಲಿಗರ ಚೀಟಿ ನೆರವಾಗುತ್ತವೆ. ಮದುವೆಯ ಆಲ್ಬಮ್ ಈಗ ನೋಡಲು ಹಿತವಾದ ವಸ್ತುವಲ್ಲ, ಆದರೆ ಒಡವೆಯ ವಿಷಯದಲ್ಲಿ ಅದರಷ್ಟು ನಿಷ್ಪಕ್ಷಪಾತ ಸಾಕ್ಷಿ ಇನ್ನೊಂದಿಲ್ಲ. ಅದನ್ನು ಹರಿಯಬೇಡಿ, ಸುಡಬೇಡಿ. ನೋಡಲಾಗದಿದ್ದರೆ ತಂಗಿಯ ಕೈಗೋ ಗೆಳತಿಯ ಕೈಗೋ ಕೊಟ್ಟು, ಒಡವೆ ಸ್ಪಷ್ಟವಾಗಿ ಕಾಣುವ ಚಿತ್ರಗಳನ್ನು ಗುರುತಿಸಿಕೊಡಲು ಹೇಳಿ.

ಒಡವೆ ಅಡವಿದ್ದರೆ ಗಿರವಿಯ ಚೀಟಿಯೇ ಬಲವಾದ ದಾಖಲೆಯಾಗುತ್ತದೆ ಎಂಬುದು ಹಲವರಿಗೆ ಹೊಳೆಯುವುದಿಲ್ಲ. ಬ್ಯಾಂಕು ಅಥವಾ ಚಿನ್ನದ ಸಾಲದ ಸಂಸ್ಥೆಯು ಪ್ರತಿ ಒಡವೆಯನ್ನೂ ಬೇರೆ ಬೇರೆಯಾಗಿ ನಮೂದಿಸಿ, ಒಟ್ಟು ತೂಕ, ನಿವ್ವಳ ತೂಕ, ಶುದ್ಧತೆ ಬರೆದಿರುತ್ತದೆ. ತನ್ನ ಸಾಲಕ್ಕೆ ನಿಮ್ಮ ಬಳೆಗಳನ್ನಿಟ್ಟ ಗಂಡ, ಆ ಬಳೆಗಳು ಇದ್ದವು ಎಂಬುದಕ್ಕೆ ತಾನೇ ಸಹಿ ಮಾಡಿಕೊಟ್ಟಿರುತ್ತಾನೆ.

ಹಂತ 3: ಲಾಕರ್, ಅಡವು, ಬೀರು ಭದ್ರಪಡಿಸಿ

ಲಾಕರ್ ಇಬ್ಬರ ಹೆಸರಿನಲ್ಲಿದ್ದು ಇಬ್ಬರಲ್ಲಿ ಯಾರು ಬೇಕಾದರೂ ತೆರೆಯಬಹುದಾದ ಷರತ್ತಿದ್ದರೆ, ಇನ್ನು ಮುಂದೆ ಇಬ್ಬರೂ ಜೊತೆಗಿದ್ದಾಗ ಮಾತ್ರ ತೆರೆಯಲು ಬಿಡಬೇಕೆಂದು ಶಾಖೆಗೆ ಲಿಖಿತ ಮನವಿ ಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಒಬ್ಬರೇ ಹೋಗಿ ಎಲ್ಲವನ್ನೂ ಹೊತ್ತು ತರುವ ಆಸೆಯಾಗಬಹುದು. ನಿಮ್ಮ ಒಡವೆಯ ಜೊತೆಗೆ ಅವರ ತಾಯಿಯ ಒಂದು ಮೂಗುಬೊಟ್ಟು ಬಂದರೂ ಮೊಕದ್ದಮೆಯ ದಿಕ್ಕೇ ಬದಲಾಗುತ್ತದೆ ಎಂಬುದು ನೆನಪಿರಲಿ.

ಒಡವೆ ಗಂಡನ ಮನೆಯಲ್ಲಿದ್ದು ಕೇಳಿದರೂ ಕೊಡದಿದ್ದರೆ ಮೊದಲು ವಕೀಲರ ನೋಟಿಸು. ಅದಕ್ಕೂ ಜಗ್ಗದಿದ್ದರೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ 19ನೇ ಕಲಮಿನಡಿ ಸ್ತ್ರೀಧನ ಹಿಂದಿರುಗಿಸುವಂತೆ ಮ್ಯಾಜಿಸ್ಟ್ರೇಟರು ಆದೇಶಿಸಬಹುದು. ಸ್ತ್ರೀಧನವನ್ನು ಹಿಡಿದಿಟ್ಟುಕೊಳ್ಳುವುದು ಮುಂದುವರಿಯುತ್ತಲೇ ಇರುವ ಅಪರಾಧ, ನ್ಯಾಯಿಕ ಪ್ರತ್ಯೇಕತೆಯ (ಮದುವೆ ಮುರಿಯದೆ ಬೇರೆ ಇರಲು ನ್ಯಾಯಾಲಯ ಕೊಡುವ) ಡಿಕ್ರಿ ಆದ ಮಾತ್ರಕ್ಕೆ ಈ ಹಕ್ಕು ಹೋಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2015ರ ನವೆಂಬರ್‌ನಲ್ಲಿ ಹೇಳಿದೆ. ಹಾಗೆಂದು ತಡಮಾಡಬೇಡಿ, ಚಿನ್ನ ಕರಗುವ ವಸ್ತು.

ಹಂತ 4: ಒಪ್ಪಂದದಲ್ಲಿ ತೂಕ ಸಮೇತ ಬರೆಸಿ

ಬೆಂಗಳೂರಿನಲ್ಲಾದರೆ ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿಯೇ ಕೌಟುಂಬಿಕ ನ್ಯಾಯಾಲಯವೂ ಮಧ್ಯಸ್ಥಿಕೆ ಕೇಂದ್ರವೂ ಇವೆ. ಮಧ್ಯಸ್ಥಿಕೆಯಲ್ಲಿ ಸಿದ್ಧವಾಗುವ ಒಪ್ಪಂದಪತ್ರಕ್ಕೆ ಒಡವೆಯ ಪಟ್ಟಿಯನ್ನು ಅನುಬಂಧವಾಗಿ ಸೇರಿಸಲು ಕೇಳಿ. ‘ಎಲ್ಲ ಚಿನ್ನಾಭರಣ’ ಎಂಬ ಪದಗಳ ಬದಲು ‘ಎರಡು ತಾಳಿ ಬೊಟ್ಟು ಮತ್ತು ಕರಿಮಣಿ ಸಹಿತ ಮಾಂಗಲ್ಯ ಸರ ಒಂದು, ಒಟ್ಟು ತೂಕ ಇಷ್ಟು ಗ್ರಾಂ’ ಎಂಬ ರೀತಿಯಲ್ಲಿ ಇರಬೇಕು. ಅಡವಿರುವ ಒಡವೆಯಾದರೆ ಯಾರು, ಯಾವ ತಾರೀಖಿನೊಳಗೆ, ಯಾರ ಹಣದಿಂದ ಬಿಡಿಸಿಕೊಡಬೇಕು ಎಂಬುದು ಬೇಕು. ಒಡವೆಯನ್ನು ನ್ಯಾಯಾಲಯದಲ್ಲೋ ವಕೀಲರ ಕಚೇರಿಯಲ್ಲೋ ತೂಗಿ ಕೊಟ್ಟು, ಅಲ್ಲಿಯೇ ರಸೀತಿ ಬರೆಯುವುದು ಕ್ಷೇಮ. ‘ಪಡೆದುಕೊಂಡಿದ್ದೇನೆ’ ಎಂಬ ಸಾಲಿಗೆ ಸಹಿ ಬೀಳುವುದು ಪಡೆದುಕೊಂಡ ಮೇಲೆ, ಮುಂಚೆ ಅಲ್ಲ.

ಊರ ಹಿರಿಯರ ಮುಂದೆ ಮುಗಿಸುವ ಪದ್ಧತಿ ಇರುವ ಸಮುದಾಯಗಳೂ ನಮ್ಮಲ್ಲಿವೆ. ಉತ್ತರ ಕರ್ನಾಟಕದಲ್ಲಿ ಇಂಥ ಬಿಡುಗಡೆಯ ಕಾಗದಕ್ಕೆ ಸೋಡಚೀಟಿ ಎಂಬ ಮಾತೇ ಇದೆ. ಸಾಬೀತಾದ ರೂಢಿಯ ವಿಚ್ಛೇದನವನ್ನು ಹಿಂದೂ ವಿವಾಹ ಕಾಯ್ದೆಯ 29ನೇ ಕಲಮು ಉಳಿಸಿದೆ, ಆದರೆ ರೂಢಿ ಇದೆಯೆಂದು ಸಾಬೀತು ಮಾಡುವ ಹೊರೆ ಅದನ್ನು ಹೇಳುವವರ ಮೇಲಿದೆ. ಇಂಥ ಕೂಟದಲ್ಲಿ ತಾಳಿಯನ್ನು ಹಿರಿಯರ ಕೈಗೆ ಬಿಚ್ಚಿಕೊಡಲು ಹೇಳಿದರೆ, ಕೊಟ್ಟದ್ದು ತಾಳಿ ಮಾತ್ರ, ಉಳಿದ ಒಡವೆಯ ಹಕ್ಕು ಬಿಟ್ಟಿಲ್ಲ ಎಂಬುದನ್ನು ಅದೇ ಕಾಗದದಲ್ಲಿ ಬರೆಸಬೇಕು.

ಹಂತ 5: ತಾಳಿ, ಕಾಲುಂಗುರ, ಉಂಗುರ ತೆಗೆಯುವುದು

ಇಲ್ಲಿಂದ ಕೊರಳಿನ ಪ್ರಶ್ನೆ. ಪರಸ್ಪರ ಒಪ್ಪಿಗೆಯ ವಿಚ್ಛೇದನದಲ್ಲಿ ತಾಳಿಯನ್ನು ಯಾವ ದಿನ ತೆಗೆಯುತ್ತೀರಿ ಎಂಬುದು ಸಂಪೂರ್ಣ ನಿಮ್ಮ ವಿಚಾರ. ಮನೆ ಬಿಟ್ಟ ದಿನ ತೆಗೆದವರಿದ್ದಾರೆ, ಡಿಕ್ರಿ ಬಂದು ವರ್ಷವಾದ ಮೇಲೆ ತೆಗೆದವರೂ ಇದ್ದಾರೆ. ತಕರಾರಿನ ಮೊಕದ್ದಮೆಯಲ್ಲಿ ಮಾತ್ರ ಸ್ವಲ್ಪ ಎಚ್ಚರ ಬೇಕು. ಪಾಟಿಸವಾಲಿನಲ್ಲಿ ಹೆಂಡತಿ ತಾಳಿ ಸರವನ್ನು ತೆಗೆದಿಟ್ಟಿದ್ದೇನೆ ಎಂದು ಒಪ್ಪಿದ ಪ್ರಕರಣವೊಂದರಲ್ಲಿ ಮದ್ರಾಸ್ ಹೈಕೋರ್ಟ್ 2022ರ ಜುಲೈನಲ್ಲಿ ಅದನ್ನು ಗಂಡನ ಮೇಲಿನ ಮಾನಸಿಕ ಕ್ರೌರ್ಯದ ಸೂಚನೆಯೆಂದು ಪರಿಗಣಿಸಿತು. ತಾಳಿ ತೆಗೆದ ಮಾತ್ರಕ್ಕೆ ಮದುವೆ ಮುರಿಯುತ್ತದೆ ಎಂದು ತಾನು ಹೇಳುತ್ತಿಲ್ಲವೆಂದೂ, ಇತರ ಸಾಕ್ಷಿಗಳ ಜೊತೆಗೆ ಅದನ್ನು ನೋಡುತ್ತಿರುವುದಾಗಿಯೂ ಅದೇ ತೀರ್ಪು ಸ್ಪಷ್ಟಪಡಿಸಿದೆ. ಗಂಡ ತನ್ನ ಉಂಗುರ ತೆಗೆದದ್ದನ್ನು ಯಾರೂ ಇಷ್ಟು ಗಂಭೀರವಾಗಿ ತೂಗಿದಂತೆ ಕಾಣುವುದಿಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬರುತ್ತದೆ. ಆದರೂ ಎದುರಾಳಿಯ ವಕೀಲರು ಈ ಪ್ರಶ್ನೆ ಕೇಳಬಹುದು ಎಂದು ತಿಳಿದಿರುವುದು ಒಳ್ಳೆಯದು. ಸರಗಳ್ಳರ ಭಯ, ಚರ್ಮದ ತುರಿಕೆ, ಆಸ್ಪತ್ರೆಯ ಸ್ಕ್ಯಾನಿಂಗ್, ಕೆಲಸದ ಜಾಗದ ನಿಯಮ ಹೀಗೆ ತೆಗೆಯಲು ಇರುವ ನಿಜವಾದ ಕಾರಣವನ್ನು ನಿಮ್ಮ ವಕೀಲರಿಗೆ ಮುಂಚಿತವಾಗಿ ಹೇಳಿಡಿ.

ಏಕಪಕ್ಷೀಯವಾಗಿ ಅಥವಾ ವಿವಾದದ ನಂತರ ಬಂದ ಡಿಕ್ರಿಯ ಮೇಲೆ ಹಿಂದೂ ವಿವಾಹ ಕಾಯ್ದೆಯ ಪ್ರಕಾರ ಮೇಲ್ಮನವಿಗೆ 90 ದಿನಗಳ ಅವಕಾಶವಿದೆ. ಅಷ್ಟು ಕಾಲ ಯಾವ ಒಡವೆಯನ್ನೂ ಮಾರದೆ, ಕರಗಿಸದೆ ಇಟ್ಟರೆ ಮುಂದೆ ತಲೆನೋವಿಲ್ಲ. ಒಪ್ಪಿಗೆಯ ಡಿಕ್ರಿಗೆ ಮೇಲ್ಮನವಿ ಇಲ್ಲ.

ವಿಚ್ಛೇದನಕ್ಕೆಂದು ಶಾಸ್ತ್ರೋಕ್ತವಾಗಿ ತಾಳಿ ಇಳಿಸುವ ವಿಧಿಯೊಂದು ನಮ್ಮ ಮನೆಗಳ ರೂಢಿಯಲ್ಲಿಲ್ಲ. ರೂಢಿಯಲ್ಲಿರುವುದು ವೈಧವ್ಯದ ಕ್ರಮ. ಬೇರೆ ದಾರಿ ಕಾಣದ ಹಿರಿಯರು ಕೆಲವೊಮ್ಮೆ ಅದರ ತುಣುಕುಗಳನ್ನು ಇಲ್ಲಿಗೆ ತರಲು ನೋಡುತ್ತಾರೆ, ಒಪ್ಪಬೇಕಾಗಿಲ್ಲ. ಸ್ನಾನ ಮಾಡಿ, ದೇವರಿಗೆ ದೀಪ ಹಚ್ಚಿ, ತಾಯಿಯ ಅಥವಾ ನಂಬುವ ಹಿರಿಯ ಹೆಂಗಸಿನ ಎದುರು ಬಿಚ್ಚಿ, ಹಸಿರು ರವಿಕೆ ಕಣದಲ್ಲಿ ಸುತ್ತಿಟ್ಟರೆ ಅದೇ ಸಾಕಷ್ಟು ಗೌರವ. ಬಳೆ, ಕುಂಕುಮ, ಹೂವು ಮದುವೆಗೆ ಮುಂಚೆಯೂ ನಿಮ್ಮವಾಗಿದ್ದವು, ಅವುಗಳನ್ನು ತೆಗೆಯುವ ಪ್ರಶ್ನೆಯೇ ಬರುವುದಿಲ್ಲ.

ಕೈಯುಂಗುರ, ಕಾಲುಂಗುರಗಳು ವರ್ಷಗಟ್ಟಲೆ ಮಾಂಸದಲ್ಲಿ ಹೂತಂತೆ ಕೂತಿರುತ್ತವೆ. ಕೈಯಾದರೆ ಸ್ವಲ್ಪ ಹೊತ್ತು ಮೇಲೆತ್ತಿ ಹಿಡಿದು, ತಣ್ಣೀರಿನಲ್ಲಿ ಅದ್ದಿ, ಸೋಪಿನ ನೊರೆ ಅಥವಾ ಕೊಬ್ಬರಿ ಎಣ್ಣೆ ಹಚ್ಚಿ ಮೆಲ್ಲಗೆ ತಿರುಗಿಸುತ್ತ ಹೊರತೆಗೆಯಿರಿ. ಎಳೆದರೆ ಗೆಣ್ಣು ಊದಿ ಇನ್ನಷ್ಟು ಬಿಗಿಯುತ್ತದೆ. ಬಾರದಿದ್ದರೆ ಅಕ್ಕಸಾಲಿಗರ ಬಳಿ ಉಂಗುರ ಕತ್ತರಿಸುವ ಸಣ್ಣ ಗರಗಸವಿರುತ್ತದೆ. ಕತ್ತರಿಸಿದ ಉಂಗುರಕ್ಕೂ ಚಿನ್ನದ ಬೆಲೆಯಲ್ಲಿ ಕೊರತೆಯಾಗುವುದಿಲ್ಲ.

ಹಂತ 6: ತೂಗಿಸಿ, ಶುದ್ಧತೆ ನೋಡಿಸಿ, ಆದರೆ ಅಂದೇ ಮಾರಬೇಡಿ

ಮಾಂಗಲ್ಯ ಸರ ತೂಕದ ವಿಚಾರದಲ್ಲಿ ಮೋಸಗಾರ ಒಡವೆ. ಅದರಲ್ಲಿ ಕರಿಮಣಿ ಇದೆ, ಹವಳ ಇರಬಹುದು, ಗುಂಡು ಮತ್ತು ಬೊಟ್ಟಿನೊಳಗೆ ಅರಗು ತುಂಬಿರಬಹುದು, ಕೊಂಡಿಗಳಲ್ಲಿ ಬೆಸುಗೆ ಇರುತ್ತದೆ. ಇವುಗಳಲ್ಲಿ ಯಾವುದಕ್ಕೂ ಚಿನ್ನದ ಬೆಲೆಯಿಲ್ಲ. ಉಂಗುರಗಳಲ್ಲಿ ಹರಳಿನ ತೂಕ ಕಳೆಯಬೇಕು. ವಜ್ರದ ಮದುವೆ ಉಂಗುರ ಹೆಚ್ಚಾಗಿ 18 ಕ್ಯಾರೆಟ್ ಚಿನ್ನದಲ್ಲಿರುತ್ತದೆ, ಅಂದರೆ ನೂರರಲ್ಲಿ 75 ಭಾಗ ಮಾತ್ರ ಚಿನ್ನ. 22 ಕ್ಯಾರೆಟ್‌ಗೆ 91.6 ಭಾಗ.

ಒಂದು ಲೆಕ್ಕ ನೋಡೋಣ. ಒಟ್ಟು 42 ಗ್ರಾಂ ತೂಗುವ ಸರದಲ್ಲಿ ಮಣಿ ಮತ್ತು ಅರಗು 5 ಗ್ರಾಂ ಎಂದಿಟ್ಟುಕೊಂಡರೆ ಲೋಹ 37 ಗ್ರಾಂ. ಅದು ನಿಜಕ್ಕೂ 916 ಆಗಿದ್ದರೆ ಅಪರಂಜಿ ಚಿನ್ನ 33.89 ಗ್ರಾಂ ಆಗುತ್ತದೆ. ಹಳೆಯ ಕಾಲದ, ಮುದ್ರೆಯಿಲ್ಲದ ಸರವಾಗಿ ಶುದ್ಧತೆ ನೂರಕ್ಕೆ 88 ಎಂದು ಬಂದರೆ 32.56 ಗ್ರಾಂ ಆಗುತ್ತದೆ. ವ್ಯತ್ಯಾಸ 1.33 ಗ್ರಾಂ, ಲೆಕ್ಕದ ಅನುಕೂಲಕ್ಕಾಗಿ ಅಪರಂಜಿ ಗ್ರಾಂಗೆ ₹10,000 ಎಂದು ಹಿಡಿದರೂ ಸುಮಾರು ₹13,300. ಇದರ ಮೇಲೆ ಅಂಗಡಿಯವರು ‘ಸವಕಳಿ’ ಎಂದು ನೂರಕ್ಕೆ 2 ಮುರಿದುಕೊಂಡರೆ ಇನ್ನೂ ₹6,500 ಹೋಗುತ್ತದೆ. ಕೊಳ್ಳುವಾಗ ಕೊಟ್ಟ ಮಜೂರಿ, ವೇಸ್ಟೇಜ್, ತೆರಿಗೆಗಳು ಎಂದಿಗೂ ಹಿಂದಿರುಗುವುದಿಲ್ಲ. ಅದನ್ನು ಮನಸ್ಸಿನಿಂದ ಕಳೆದುಬಿಡಬೇಕು.

ಶುದ್ಧತೆಯನ್ನು ಒರೆಗಲ್ಲಿನ ಮೇಲೆ ಉಜ್ಜಿ ನೋಡುವುದು ಹಳೆಯ ಪದ್ಧತಿ. ಈಗ ಹೆಚ್ಚಿನ ಅಂಗಡಿಗಳಲ್ಲಿ ಎಕ್ಸ್‌ರೇ ಕಿರಣದಿಂದ ಅಳೆಯುವ ಕ್ಯಾರೆಟ್ ಯಂತ್ರವಿದೆ. ಅದು ಓದುವುದು ಮೇಲ್ಪದರವನ್ನು. ಬೆಸುಗೆಯ ಮೇಲೆ ಇಟ್ಟರೆ ಕಡಿಮೆ, ಮೆರುಗು ಕೊಟ್ಟ ಕಡೆ ಇಟ್ಟರೆ ಹೆಚ್ಚು ತೋರಿಸಬಹುದು. ಆದ್ದರಿಂದ ಮೂರು ನಾಲ್ಕು ಜಾಗಗಳಲ್ಲಿ ಇಡಿಸಿ. ಕರಗಿಸಿ ನೋಡುವುದು ಎಲ್ಲಕ್ಕಿಂತ ನಿಖರ, ಆದರೆ ಮೂಸೆಗೆ ಹಾಕಿದ ಮೇಲೆ ಒಡವೆ ಒಡವೆಯಾಗಿ ಉಳಿಯುವುದಿಲ್ಲ. ಏನು ಮಾಡಬೇಕೆಂದು ನಿರ್ಧರಿಸುವ ಮುಂಚೆ ಕರಗಿಸಲು ಒಪ್ಪಬೇಡಿ. ಅಂಗಡಿಯವರು ಕೊಳ್ಳುವವರೂ ಹೌದು, ಅಳೆಯುವವರೂ ಹೌದು ಎಂಬ ಸಂಶಯವಿದ್ದರೆ ಭಾರತೀಯ ಮಾನಕ ಬ್ಯೂರೊ (ಬಿಐಎಸ್) ಮಾನ್ಯತೆ ನೀಡಿದ, ಶುದ್ಧತೆಯ ಮುದ್ರೆ ಹಾಕುವ ಹಾಲ್‌ಮಾರ್ಕ್ ಕೇಂದ್ರದಲ್ಲಿ ಶುಲ್ಕ ಕೊಟ್ಟು ಪರೀಕ್ಷೆ ಮಾಡಿಸಿ ವರದಿ ಪಡೆಯಬಹುದು.

ಒಡವೆಯ ಮೇಲೆ ಅಕ್ಷರ ಮತ್ತು ಅಂಕಿಗಳು ಸೇರಿದ ಆರು ಚಿಹ್ನೆಗಳ ಎಚ್‌ಯುಐಡಿ (ಪ್ರತಿ ಒಡವೆಗೂ ಬೇರೆಯಾದ ಹಾಲ್‌ಮಾರ್ಕ್ ಗುರುತು) ಸಂಖ್ಯೆ ಇದ್ದರೆ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಿ. ಮುದ್ರೆ ಹಾಕಿಸಿದ ಅಂಗಡಿ, ಪರೀಕ್ಷಿಸಿದ ಕೇಂದ್ರ, ಶುದ್ಧತೆ ಎಲ್ಲವೂ ಕಾಣುತ್ತದೆ. 2023ರ ಏಪ್ರಿಲ್ 1ರಿಂದ ಅಂಗಡಿಗಳು ಈ ಸಂಖ್ಯೆಯಿಲ್ಲದ ಹಾಲ್‌ಮಾರ್ಕ್ ಒಡವೆ ಮಾರುವಂತಿಲ್ಲ. ಅದಕ್ಕಿಂತ ಹಿಂದಿನ ಮದುವೆಗಳ ಒಡವೆಯಲ್ಲಿ ಇದು ಇರುವುದು ಅಪರೂಪ, ಮತ್ತು 2 ಗ್ರಾಂಗಿಂತ ಕಡಿಮೆ ತೂಕದವುಗಳಿಗೆ ಹಾಲ್‌ಮಾರ್ಕ್ ಕಡ್ಡಾಯವೇ ಅಲ್ಲ, ಆದ್ದರಿಂದ ಸಣ್ಣ ತಾಳಿ ಬೊಟ್ಟಿನ ಮೇಲೆ ಮುದ್ರೆ ಕಾಣದಿದ್ದರೆ ಗಾಬರಿಯಾಗಬೇಡಿ. ಮುದ್ರೆಯಿಲ್ಲದ ಹಳೆಯ ಒಡವೆಯನ್ನು ನೀವು ಮಾರಲು ತಡೆಯೇನೂ ಇಲ್ಲ.

ಹಂತ 7: ಈಗ ಆಯ್ಕೆ

ಏನೂ ಮಾಡದೆ ಒಂದು ವರ್ಷ ಬಿಡುವುದು ಕೂಡ ಒಂದು ನಿರ್ಧಾರ, ಮತ್ತು ಹಣದ ತುರ್ತು ಇಲ್ಲದಿದ್ದರೆ ನಾನು ಮೊದಲು ಹೇಳುವುದು ಅದನ್ನೇ. ಲಾಕರಿನಲ್ಲಿಟ್ಟ ಚಿನ್ನ ಊಟ ಕೇಳುವುದಿಲ್ಲ.

ರೂಪ ಬದಲಿಸುವುದು ನಮ್ಮ ಮನೆಗಳಿಗೆ ಹೊಸದಲ್ಲ. ಅಜ್ಜಿಯ ಡಾಬು ಮುರಿದು ಮೊಮ್ಮಕ್ಕಳಿಗೆ ಬಳೆ ಮಾಡಿಸಿದವರು ನಾವು. ಮಾಂಗಲ್ಯ ಸರದಿಂದ ಕರಿಮಣಿ ಬಿಡಿಸಿ ಚಿನ್ನದ ಸರವನ್ನಷ್ಟೇ ಉಳಿಸಿಕೊಳ್ಳಬಹುದು. ಎರಡು ಬೊಟ್ಟುಗಳಲ್ಲಿ ತವರಿನದನ್ನು ಓಲೆಯಾಗಿಯೋ ಪದಕವಾಗಿಯೋ ಮಾಡಿಸಬಹುದು. ನಿಮ್ಮ ಚಿನ್ನವೇ ಹೊಸ ರೂಪ ಪಡೆಯಬೇಕೆಂದಿದ್ದರೆ ಪರಿಚಯದ ಅಕ್ಕಸಾಲಿಗರ ಎದುರು ಕೂತು ಕರಗಿಸಿ, ಗಟ್ಟಿಯ ತೂಕವನ್ನು ಬರೆಸಿಕೊಂಡು, ಅದೇ ಗಟ್ಟಿಯಿಂದ ಮಾಡಿಸಬೇಕು. ದೊಡ್ಡ ಅಂಗಡಿಗಳಲ್ಲಿ ನಡೆಯುವುದು ವಿನಿಮಯ: ಹಳೆಯದಕ್ಕೆ ಬೆಲೆ ಕಟ್ಟಿ ಹೊಸದಕ್ಕೆ ವಜಾ ಮಾಡುತ್ತಾರೆ. ಅಲ್ಲಿ ಹಳೆಯದರ ದರ ಚೆನ್ನಾಗಿ ಕೊಟ್ಟು ಹೊಸದರ ಮಜೂರಿಯಲ್ಲಿ ಅದನ್ನು ವಾಪಸು ಪಡೆಯುವುದುಂಟು, ಆದ್ದರಿಂದ ಎರಡು ಲೆಕ್ಕವನ್ನೂ ಬೇರೆ ಬೇರೆಯಾಗಿ ಕೇಳಿ.

ಮಾರುವುದಾದರೆ ಒಂದೇ ದಿನ ಬೆಳಿಗ್ಗೆ ಕನಿಷ್ಠ ಮೂರು ಕಡೆ ದರ ಕೇಳಿ. ಅವೆನ್ಯೂ ರಸ್ತೆಯಾಗಲಿ, ಮೈಸೂರಿನ ಅಶೋಕ ರಸ್ತೆಯಾಗಲಿ, ನಿಮ್ಮೂರಿನ ಸರಾಫ ಬಜಾರಾಗಲಿ ಅಂಗಡಿಯಿಂದ ಅಂಗಡಿಗೆ ವ್ಯತ್ಯಾಸವಿರುತ್ತದೆ. ಕೇಳಬೇಕಾದ್ದು ‘ಇವತ್ತಿನ ರೇಟು ಎಷ್ಟು’ ಎಂದಲ್ಲ, ‘ಎಲ್ಲ ಕಳೆದು ಕೈಗೆ ಎಷ್ಟು ಬರುತ್ತದೆ’ ಎಂದು. ಜೊತೆಗೆ ಒಬ್ಬರು ಇರಲಿ. ಹಣವನ್ನು ಬ್ಯಾಂಕ್ ಖಾತೆಗೇ ಹಾಕಿಸಿಕೊಳ್ಳಿ. ಬಿಡಿಸಿದ ಕರಿಮಣಿ, ಹವಳ, ಹರಳುಗಳನ್ನು ಕೇಳಿ ಪಡೆಯಿರಿ, ಕೇಳದಿದ್ದರೆ ಅವು ಅಂಗಡಿಯ ಡ್ರಾಯರಿನಲ್ಲೇ ಉಳಿಯುತ್ತವೆ. ವಜ್ರದ ಉಂಗುರವನ್ನು ಮೊದಲು ಕೊಂಡ ಅಂಗಡಿಗೇ ಬಿಲ್ಲು ಮತ್ತು ಪ್ರಮಾಣಪತ್ರದ ಜೊತೆ ಒಯ್ಯಿರಿ. ಸಣ್ಣ ವಜ್ರಗಳಿಗೆ ಬೇರೆಡೆ ಸಿಗುವ ಬೆಲೆ ಕೇಳಿದರೆ ಬೇಸರವೇ ಆಗುತ್ತದೆ. ಬೆಳ್ಳಿ ಕಾಲುಂಗುರ ಮಾರಿದರೆ ಬರುವುದು ಅಲ್ಪ ಮೊತ್ತ. ಅದನ್ನು ಹಣಕ್ಕಾಗಿ ಮಾರುವ ಅಗತ್ಯವಿಲ್ಲ, ದೇವರ ಮನೆಯ ಒಂದು ಉದ್ಧರಣೆಗೋ ಬಟ್ಟಲಿಗೋ ಸೇರಿಸಿ ಕರಗಿಸಿದರೆ ಉಪಯೋಗಕ್ಕೆ ಬರುತ್ತದೆ.

ಮಗಳಿಗೆಂದು ಎತ್ತಿಡುವವರು ಅದನ್ನು ಒಪ್ಪಂದಪತ್ರದಲ್ಲಿಯೋ ಉಯಿಲಿನಲ್ಲಿಯೋ ಬರೆದರೆ ಮಾತ್ರ ಅದು ಮಗಳದು. ತಾಳಿಯನ್ನು ತಾಳಿಯಾಗಿಯೇ ಅವಳಿಗೆ ಕೊಡುವುದಕ್ಕಿಂತ, ಚಿನ್ನವನ್ನಾಗಿ ಮಾಡಿ ಕೊಡುವುದು ಮೇಲು ಎಂದು ನನಗನಿಸುತ್ತದೆ. ಅಪ್ಪ ಅಮ್ಮನ ಮದುವೆಯ ಭಾರ ಅವಳ ಕೊರಳಿಗೆ ಬೇಡ.

ದೇವಸ್ಥಾನದ ಹುಂಡಿಗೆ ಹಾಕುವ ಹರಕೆ ಬಹಳ ಜನರದು. ತಿರುಪತಿಗೋ ಧರ್ಮಸ್ಥಳಕ್ಕೋ ಹೋಗುವ ಮುನ್ನ ಎರಡು ವಿಷಯ ಯೋಚಿಸಿ. ಹುಂಡಿಗೆ ಬಿದ್ದದ್ದು ಮರಳಿ ನಿಮ್ಮ ಕೈಗೆ ಬರುವುದಿಲ್ಲ. ಮತ್ತು ಹರಕೆಗೆ ಒಂದು ತಾಳಿ ಬೊಟ್ಟು ಸಾಕು, ಸರವೂ ಹೋಗಬೇಕೆಂದಿಲ್ಲ. ಮಾಂಗಲ್ಯವನ್ನು ಹೊಳೆಗೆ ಬಿಡುವುದನ್ನು ಮಾತ್ರ ನಾನು ಯಾರಿಗೂ ಹೇಳುವುದಿಲ್ಲ. ಹೊಳೆಗೆ ಅದರಿಂದ ಏನೂ ಆಗಬೇಕಾಗಿಲ್ಲ, ನಿಮಗೆ ಮುಂದೊಂದು ದಿನ ಆಗಬಹುದು.

ಹಂತ 8: ತೆರಿಗೆಯ ಕಡತ

ಮದುವೆಯಲ್ಲಿ ಉಡುಗೊರೆಯಾಗಿ ಬಂದ ಚಿನ್ನಕ್ಕೆ ಆಗ ಆದಾಯ ತೆರಿಗೆ ಇಲ್ಲ. ಆದರೆ ಮಾರಿದಾಗ ಲಾಭದ ಮೇಲೆ ತೆರಿಗೆ ಇದೆ. 24 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡಿದ್ದರೆ ಅದು ದೀರ್ಘಾವಧಿ ಲಾಭ. 2024ರ ಜುಲೈ 23ರಿಂದ ಈಚಿನ ಮಾರಾಟಕ್ಕೆ ದರ ಶೇ 12.5. ಉಡುಗೊರೆಯ ಒಡವೆಯಾದರೆ ನಿಮಗೆ ಕೊಟ್ಟವರು ಕೊಂಡ ಬೆಲೆಯೇ ನಿಮ್ಮ ಖರೀದಿ ಬೆಲೆ, ಅವರು ಇಟ್ಟುಕೊಂಡಿದ್ದ ಅವಧಿಯೂ ನಿಮ್ಮ ಅವಧಿಗೆ ಸೇರುತ್ತದೆ. 2001ರ ಏಪ್ರಿಲ್ 1ಕ್ಕಿಂತ ಹಿಂದೆ ಕೊಂಡದ್ದಾಗಿದ್ದರೆ ಆ ದಿನದ ಮಾರುಕಟ್ಟೆ ಬೆಲೆಯನ್ನು ಹಿಡಿಯಬಹುದು. ಅಮ್ಮನ ಹಳೆಯ ಬಿಲ್ಲು ಇಲ್ಲಿ ಮತ್ತೆ ಕೆಲಸಕ್ಕೆ ಬರುತ್ತದೆ. ಹಳೆಯದನ್ನು ಕೊಟ್ಟು ಹೊಸ ಒಡವೆ ಕೊಂಡರೂ ತೆರಿಗೆಯ ದೃಷ್ಟಿಯಲ್ಲಿ ಅದು ಮಾರಾಟವೇ. ನಿಮ್ಮ ಚಿನ್ನವನ್ನೇ ಕರಗಿಸಿ ನಿಮಗೇ ಬೇರೆ ಒಡವೆ ಮಾಡಿಸಿದರೆ ಅಲ್ಲ. ದೊಡ್ಡ ಮೊತ್ತವಾಗಿ, ಆ ಹಣದಲ್ಲಿ ಮನೆ ಕೊಳ್ಳುವ ಯೋಚನೆಯಿದ್ದರೆ ಮಾರುವ ಮೊದಲೇ ಲೆಕ್ಕಪರಿಶೋಧಕರನ್ನು ಕಾಣಿರಿ, ವಿನಾಯಿತಿಗೆ ದಾರಿಯಿದೆ.

ಇನ್ನೊಂದು ಪುಟ್ಟ ಸಂಗತಿ. ಆದಾಯ ತೆರಿಗೆ ದಾಳಿಯ ವೇಳೆ ಎಷ್ಟು ಒಡವೆಯನ್ನು ವಶಪಡಿಸಿಕೊಳ್ಳಬಾರದು ಎಂಬುದಕ್ಕೆ 1994ರ ಮೇ ತಿಂಗಳಿನ ಸೂಚನೆಯೊಂದಿದೆ: ವಿವಾಹಿತೆಗೆ 500 ಗ್ರಾಂ, ಅವಿವಾಹಿತೆಗೆ 250 ಗ್ರಾಂ, ಗಂಡಸಿಗೆ 100 ಗ್ರಾಂ. ವಿಚ್ಛೇದಿತೆಗೆ ಅದರಲ್ಲಿ ಬೇರೆ ಸಾಲಿಲ್ಲ. ಹೀಗಾಗಿ ಒಡವೆಯ ಪಟ್ಟಿ, ಒಪ್ಪಂದಪತ್ರದ ಅನುಬಂಧ, ಡಿಕ್ರಿಯ ದೃಢೀಕೃತ ಪ್ರತಿ, ಹಸ್ತಾಂತರದ ರಸೀತಿ, ಶುದ್ಧತೆಯ ವರದಿ, ಮಾರಿದ್ದರೆ ಅದರ ಬಿಲ್ಲು ಇವೆಲ್ಲವೂ ಒಂದೇ ಕಡತದಲ್ಲಿರಲಿ, ಮತ್ತು ಆ ಕಡತ ಒಡವೆಯಿರುವ ಲಾಕರಿನೊಳಗೆ ಬೇಡ, ಮನೆಯಲ್ಲಿರಲಿ.